ಎಣ್ಣೆ ಕುಡಿದ ಆರು ಕಮಾನು

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಕೊಬ್ಬರಿ ಎಣ್ಣೆ. ಹೊಸ ವಾಯಲಿನ್ ಪೆಟ್ಟಿಗೆಯಿಂದ ವಾರ್ನಿಷ್ ವಾಸನೆ ಬರಬೇಕು, ಒಳಗಿನ ಮಖಮಲ್ಲಿನ ವಾಸನೆ ಬರಬೇಕು, ಶಾಲೆಯ ಕಪಾಟಿನಲ್ಲಿ ಇಟ್ಟಿದ್ದರೆ ಜಿರಳೆಯ ವಾಸನೆಯೂ ಬರಬಹುದು. ಅದಕ್ಕೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ನಾನು ಗೋಕಾಕದಿಂದ ಮೂಡಲಗಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಏಳೆಂಟು ಅನಾಹುತಗಳನ್ನು ಮುಂಗಡವಾಗಿ ಅನುಭವಿಸಿ ಇಳಿಯುವವಳು. ತಂತಿ ಹರಿದಿರಬಹುದು. ತಂತಿಗಳನ್ನು ಎತ್ತಿ ಹಿಡಿಯುವ ಮರದ ಚೂರು, ನಾವು ಕುದುರೆ ಅನ್ನುತ್ತೇವಲ್ಲ, ಅದು ಬಿದ್ದಿರಬಹುದು. ಇಲಿ ಕಮಾನಿನ ಕೂದಲು ಕಡಿದಿರಬಹುದು. ಎಣ್ಣೆ ಮಾತ್ರ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಕಮಾನು ಎತ್ತಿ ಹಿಡಿದೆ. ಬಿಳಿ ರಿಬ್ಬನ್ನಿನಂತೆ ಹರಡಿಕೊಂಡು ಇರಬೇಕಾದ ಕುದುರೆಬಾಲದ ಕೂದಲು ಎಣ್ಣೆ ಹಚ್ಚಿ ಬಾಚಿದ ಜಡೆಯ ಹಾಗೆ ಒಂದೇ ಎಳೆಯಾಗಿ ಅಂಟಿಕೊಂಡಿತ್ತು. ಬೆರಳಿಗೆ ಜಿಡ್ಡು ಹತ್ತಿತು. ಎರಡನೆಯ ಪೆಟ್ಟಿಗೆ ತೆಗೆದೆ, ಅದೂ ಹಾಗೆ. ಶಾಲೆಯ ಪಡಸಾಲೆಯ ಬೆಂಚಿನ ಮೇಲೆ ಆರು ಪೆಟ್ಟಿಗೆ ಸಾಲಾಗಿ ಇದ್ದವು. ಆರೂ ಕಮಾನು ಎಣ್ಣೆ ಕುಡಿದಿದ್ದವು. ಪ್ರತಿ ಪೆಟ್ಟಿಗೆಯ ಹಿಂದೆ ಏಳನೆಯ ತರಗತಿಯ ಒಂದೊಂದು ಮಗು ಕೈಕಟ್ಟಿ ನಿಂತಿತ್ತು. ಕೊನೆಯ ಪೆಟ್ಟಿಗೆಯ ಹುಡುಗಿ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದವಳು, ನಾನು ಅವಳ ಕಮಾನು ಎತ್ತುವುದನ್ನೇ ಕಾಯುತ್ತಿದ್ದಳು. ಅದು ಎಲ್ಲಕ್ಕಿಂತ ಹೆಚ್ಚು ಮಿಂಚುತ್ತಿತ್ತು. "ನಾ ಒಂದ ದಿನಾನೂ ತಪ್ಪಿಸಿಲ್ರಿ ಅಕ್ಕಾರ," ಅಂದಳು.

ಅಷ್ಟು ಸಾಕಾಯಿತು. ನಾನು ಅವಳ ಮೇಲೆ ಹರಿಹಾಯಲಿಲ್ಲ ಎಂಬುದೊಂದೇ ನನ್ನ ಪಾಲಿನ ಪುಣ್ಯ. ಬಾಜೂಕ್ಕೆ ನಿಂತಿದ್ದ ಮಾಸ್ತರರ ಕಡೆ ತಿರುಗಿದೆ. ಅವರು ದೈಹಿಕ ಶಿಕ್ಷಕರು. ಊದುವ ವಸ್ತುವೊಂದು ಮೊದಲೇ ಅವರ ಕೊರಳಲ್ಲಿ ಇದ್ದದ್ದರಿಂದ ಸಂಗೀತದ ಹೊಣೆಯನ್ನೂ ಅವರಿಗೇ ಕಟ್ಟಿದ್ದರು. ಕೂದಲು ತಂತಿಯನ್ನು ಹಿಡಿದು ಎಳೆದರೆ ತಾನೆ ದನಿ, ಎಣ್ಣೆ ಹಚ್ಚಿದರೆ ಜಾರಿಹೋಗುತ್ತದೆ, ದನಿ ಎಲ್ಲಿಂದ ಬರಬೇಕು, ಬಂಡಿಯ ಗಾಲಿ ಅಂತ ತಿಳಿದಿರೇನು, ಕಲಿಸುವವರೇ ಹೀಗಾದರೆ ಮಕ್ಕಳ ಗತಿ ಏನು ಎಂದೆಲ್ಲ ಕೇಳಿದೆ. ಆರು ಮಕ್ಕಳ ಮುಂದೆ, ದೊಡ್ಡ ದನಿಯಲ್ಲಿ. ಪಕ್ಕದ ತರಗತಿಯ ಮಗ್ಗಿ ನಿಂತುಹೋಯಿತು.

"ನೀವ ಹೇಳಿದಂಗ..." ಅಂತ ಅವರು ಬಾಯಿ ತೆರೆದರು.

ಕೈ ಎತ್ತಿ ತಡೆದೆ. ನನಗೆ ಆಗ ಯಾರ ಮಾತೂ ಬೇಕಿರಲಿಲ್ಲ. ಅವರು ಸೀಟಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಸಿಟ್ಟು ಆ ದಿನ ಹುಟ್ಟಿದ್ದಲ್ಲ. ಅದಕ್ಕೆ ಎರಡು ತಿಂಗಳಾಗಿತ್ತು.

ಗೋಕಾಕದಲ್ಲಿ ನನ್ನದೊಂದು ವಾದ್ಯ ರಿಪೇರಿಯ ಅಂಗಡಿ. ಆ ವರ್ಷ ಒಂದು ದತ್ತಿ ಸಂಸ್ಥೆಯವರು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ಒಂದೊಂದು ಶಾಲೆ ಆರಿಸಿ, ಶಾಲೆಗೆ ಆರರಂತೆ ಹದಿನೆಂಟು ವಾಯಲಿನ್ ಕೊಟ್ಟು, ಮೂರೂ ಕೂಡಿ ಒಂದು ವಾದ್ಯವೃಂದ ಕಟ್ಟಲು ಹೊರಟರು. ಕಲಿಸಲು ಗೋಕಾಕದ ಒಬ್ಬ ಹಿರಿಯ ವಾದಕರು ವಾರಕ್ಕೊಮ್ಮೆ ಮೂರೂ ಕಡೆ ಹೋಗುವುದೆಂದಾಯಿತು. ವಾಯಲಿನ್ನುಗಳನ್ನು ಎಲ್ಲೋ ದೂರದ ಸಗಟು ವ್ಯಾಪಾರಿಯಿಂದ ತರಿಸಿದರು. ಬಿಡಿ ಸಾಮಾನು ಮತ್ತು ತಿಂಗಳಿಗೊಮ್ಮೆಯ ದುರಸ್ತಿ ನನಗೆ ಬಂತು. ಏನೇನು ಬೇಕು ಪಟ್ಟಿ ಕೊಡಿ ಅಂದರು. ಕೊಟ್ಟೆ: ಹೆಚ್ಚುವರಿ ತಂತಿ, ಕುದುರೆ, ಒರೆಸುವ ಬಟ್ಟೆ, ಭುಜಕ್ಕೆ ಇಡುವ ಮೆತ್ತೆ, ಮತ್ತು ರೋಜಿನ್.

ರೋಜಿನ್ ಅಂದರೆ ಮರದ ಅಂಟನ್ನು ಕಾಯಿಸಿ ಮಾಡಿದ ಗಟ್ಟಿ ಬಿಲ್ಲೆ, ಬೆಲ್ಲದ ಅಚ್ಚಿನ ಬಣ್ಣದ್ದು. ಅದನ್ನು ಕಮಾನಿನ ಕೂದಲಿಗೆ ತಿಕ್ಕಬೇಕು. ತಿಕ್ಕದಿದ್ದರೆ ಹೊಸ ಕಮಾನಿನಿಂದ ಪಿಸುಮಾತೂ ಹೊರಡುವುದಿಲ್ಲ. ಲಕ್ಷದ ವಾಯಲಿನ್ ಆಗಲಿ, ಜಾತ್ರೆಯ ಆಟಿಗೆಯ ವಾಯಲಿನ್ ಆಗಲಿ, ಅದಿಲ್ಲದೆ ಎರಡೂ ಮೂಕ.

ಸಂಸ್ಥೆಯ ಸಂಯೋಜಕರು ನನ್ನ ಪಟ್ಟಿಯನ್ನು ಸುಂದರವಾಗಿ ಟೈಪು ಮಾಡಿಸಿ ವಾಪಸು ಕಳಿಸಿದರು. ಎಡಗಡೆ 'ಅಗತ್ಯ': ವಾಯಲಿನ್, ಕಮಾನು, ಪೆಟ್ಟಿಗೆ. ಬಲಗಡೆ 'ಐಚ್ಛಿಕ': ನಾನು ಬರೆದದ್ದಷ್ಟೂ. ಕೆಳಗೆ, ಐಚ್ಛಿಕ ಸಾಮಗ್ರಿಗಳನ್ನು ಎರಡನೆಯ ಹಂತದಲ್ಲಿ ಪರಿಗಣಿಸಲಾಗುವುದು ಎಂಬ ಸಾಲು. ಓದಿ ನನಗೆ ಕಣ್ಣು ಕತ್ತಲೆ ಬಂತು. ಅವರಿಗೆ ಫೋನ್ ಮಾಡಿ, ಬೆಂಕಿಕಡ್ಡಿ ಐಚ್ಛಿಕ, ಒಲೆ ಮಾತ್ರ ಅಗತ್ಯ ಅಂದಂತಾಯಿತು ಅಂದೆ. ಅವರು ನಕ್ಕು, ಒಳ್ಳೆಯ ಹೋಲಿಕೆ ಮೇಡಂ ಅಂದರು. ತಿಂಗಳ ಮೇಲೆ ವಾಯಲಿನ್ನುಗಳು ಬಂದವು. ಪೆಟ್ಟಿಗೆಯೊಳಗೆ ರೋಜಿನ್ ಇಡಲೆಂದೇ ಒಂದು ಪುಟ್ಟ ಮುಚ್ಚಳದ ಗೂಡು ಇತ್ತು. ಗೂಡು ಅಗತ್ಯವಾಗಿತ್ತು, ಒಳಗಿನದು ಐಚ್ಛಿಕವಾಗಿತ್ತು.

ಇಲ್ಲಿ ನನ್ನ ಒಂದು ಸಣ್ಣತನವನ್ನು ಹೇಳಿಬಿಡಬೇಕು. ಅಂಗಡಿಯ ಕಪಾಟಿನಲ್ಲಿ ಆಗ ರೋಜಿನ್ ಬಿಲ್ಲೆಗಳ ಎರಡು ಡಬ್ಬಿ ಇದ್ದವು. ಆರಾರು ಎಣಿಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದರೆ ಸಂಜೆಗೆ ಮೂರೂ ಶಾಲೆ ಮುಟ್ಟುತ್ತಿತ್ತು. ಕೊಡಲಿಲ್ಲ. ಐಚ್ಛಿಕ ಅಂದರಲ್ಲ, ಮೂಕ ವಾಯಲಿನ್ ಇಟ್ಟುಕೊಂಡು ಕೂಡ್ರಲಿ, ತಾವೇ ಓಡಿ ಬರುತ್ತಾರೆ ಅಂದುಕೊಂಡೆ. ಆದರೆ ಕಾಳಜಿಯ ರೋಗವೂ ಇದೆಯಲ್ಲ, ಸುಮ್ಮನಿರಲು ಬಿಡಲಿಲ್ಲ. ಮೂರೂ ಶಾಲೆಗೆ ಫೋನ್ ಮಾಡಿ ಸೂಚನೆಗಳನ್ನು ಮಾತ್ರ ಕೊಟ್ಟೆ. ಒಂದನ್ನು ಬಸ್ ನಿಲ್ದಾಣದಲ್ಲಿ ನಿಂತು ಮಾಡಿದೆ, ಯಾವುದೋ ಬಸ್ಸಿನ ಹಾರ್ನಿನ ನಡುವೆ. ಗೋಕಾಕದ ಶಾಲೆಯವರು ಮರುದಿನವೇ ಅಂಗಡಿಗೆ ಬಂದು ರೋಜಿನ್ ಒಯ್ದರು. ಹುಕ್ಕೇರಿ ತಾಲೂಕಿನ ಹತ್ತರಗಿಯ ಶಾಲೆಯ ಶಿಕ್ಷಕಿ ಬಾಯಿಯವರು ತಮ್ಮೂರ ಭಜನಾ ಮಂಡಳಿಯ ವಾಯಲಿನ್ ಕಾಕಾನಿಂದ ಒಂದು ಬಿಲ್ಲೆ ಇಸಿದುಕೊಂಡರು. ಮೂಡಲಗಿಯಿಂದ ಸುದ್ದಿ ಬರಲಿಲ್ಲ. ಸುದ್ದಿ ಇಲ್ಲ ಅಂದರೆ ಎಲ್ಲ ಸುರಳೀತ ಇದೆ ಎಂದು ತಿಳಿಯುವುದು ನನ್ನ ಸ್ವಭಾವವಲ್ಲ. ಆ ಒಂದು ಸಲ ಮಾತ್ರ ಹಾಗೆ ತಿಳಿದೆ. ಕಲಿಸುವ ಹಿರಿಯರೂ ಆ ತಿಂಗಳು ಜ್ವರದಿಂದ ಮಲಗಿ, ಮೂಡಲಗಿಯ ಪಾಠವನ್ನು ಬರೀ ಬೆರಳು ಇಡುವ ಅಭ್ಯಾಸಕ್ಕೆ, ಅದೂ ಫೋನಿನಲ್ಲಿ, ನಿಲ್ಲಿಸಿದ್ದರು.

ಮೊದಲ ತಿಂಗಳ ದುರಸ್ತಿಗೆ ಹೋಗಿ ಎಣ್ಣೆ ಕಂಡ ದಿನ ಸಂಯೋಜಕರೂ ಜೊತೆಗೆ ಬಂದಿದ್ದರು. ಮೂವತ್ತರ ಆಸುಪಾಸಿನ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಹೆಡ್ಮಾಸ್ತರರ ಕೋಣೆಯಲ್ಲಿ ಕುಳಿತು ಅವರು ವಿಷಯವನ್ನು ಬಹಳ ಬೇಗ ಬಗೆಹರಿಸಿದರು. ಹನ್ನೆರಡು ದಿನಕ್ಕೆ ಗೋಕಾಕದ ಕಾಲೇಜಿನ ಸಭಾಂಗಣದಲ್ಲಿ ಮೂರೂ ಶಾಲೆಯ ಕೂಡು ಪ್ರದರ್ಶನ, ಸಂಸ್ಥೆಯ ಅಧ್ಯಕ್ಷರು ಬರುತ್ತಾರೆ. ಹನ್ನೆರಡು ಮಕ್ಕಳಾದರೂ ವೇದಿಕೆ ತುಂಬುತ್ತದೆ. ನಿರ್ಲಕ್ಷ್ಯದಿಂದ ವಾದ್ಯ ಕೆಡಿಸಿದ ಶಾಲೆಯಿಂದ ವಾಪಸು ಪಡೆದು ಬೇರೆ ಶಾಲೆಗೆ ಕೊಡಬೇಕೆಂದು ನಿಯಮವೇ ಇದೆ.

"ನಿರ್ಲಕ್ಷ್ಯ ಅಂತ ನೀವೊಂದು ತಾಂತ್ರಿಕ ವರದಿ ಕೊಟ್ಟುಬಿಡಿ ಮೇಡಂ," ಅಂದರು. "ಒಂದೇ ಪುಟ ಸಾಕು."

ಕೊಡುತ್ತೇನೆ ಅಂದೆ. ಯಾರೂ ನನ್ನ ಕೈ ತಿರುಚಲಿಲ್ಲ. ಹೆಡ್ಮಾಸ್ತರರು ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತ, ಹುಡುಗೂರು ಭಾಳ ಹಚ್ಚಿಕೊಂಡಾವ್ರಿ ಅಂದರು. ಎಣ್ಣಿ ಹಚ್ಚಿದ್ದು ಕಂಡೇನ್ರಿ ಅಂತ ನಾನು ಅಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಡಿದುಕೊಳ್ಳುವಂತಾಗುತ್ತದೆ. ಒಂದನ್ನು ಮಾತ್ರ ಪಟ್ಟು ಹಿಡಿದೆ: ಕಮಾನುಗಳನ್ನು ಬಿಚ್ಚಿ ನೋಡದೆ ಬರೆಯುವುದಿಲ್ಲ. ಆರನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಗೋಕಾಕಕ್ಕೆ ತಂದೆ. ಸೀರೆಗೆ ಎಣ್ಣೆ ಇಳಿಯಿತು.

ಮರುದಿನ ಬೆಳಿಗ್ಗೆ ಶುರುಮಾಡಿದೆ. ಎಣ್ಣೆ ಹಚ್ಚಿದವರು ಅವರು, ತಲೆ ಎರೆಯುವವಳು ನಾನು. ಕಮಾನಿನ ಬುಡದ ತಿರುಪು ಬಿಚ್ಚಿದರೆ ಕೂದಲಿನ ಒಂದು ತುದಿಯನ್ನು ಹಿಡಿದ ಕಪ್ಪು ಗಟ್ಟಿ ಕಳಚಿ ಬರುತ್ತದೆ. ಕೋಲಿಗೆ ನೀರು ತಾಗಿದರೆ ಅದರ ಬಾಗು ಕೆಡುತ್ತದೆ. ಹಾಗಾಗಿ ಕೋಲಿಗೆ ಪ್ಲಾಸ್ಟಿಕ್ ಸುತ್ತಿ, ಕೂದಲನ್ನಷ್ಟೇ ಪಾತ್ರೆ ತೊಳೆಯುವ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಬೆರಳಿನಿಂದ ಮೇಲಿಂದ ಕೆಳಗೆ ಜಾರಿಸಿ ತೊಳೆದೆ. ಮೂರು ನೀರು ಬದಲಿಸಿದ ಮೇಲೆ ಸ್ಪಿರಿಟ್ ಹಾಕಿದ ಅರಿವೆಯಿಂದ ಒರೆಸಿದೆ. ಬಾಗಿಲಿನ ಹಗ್ಗಕ್ಕೆ ಚಿಮುಟ ಸಿಕ್ಕಿಸಿ ಆರಲು ತೂಗುಹಾಕಿದೆ. ಆರು ಕಮಾನು ಗಾಳಿಗೆ ಓಲಾಡುವುದನ್ನು ನೋಡಿ ಎದುರಿನ ಚಹಾದಂಗಡಿಯವರು, ಕುದುರಿಗೆ ಜಳಕ ಆತೇನ್ರಿ ಅಕ್ಕಾರ ಅಂದರು. ನಾನು ನಗಲಿಲ್ಲ.

ಮಧ್ಯಾಹ್ನಕ್ಕೆ ಒಣಗಿದವು. ಹಾಲಿನಂತೆ ಬಿಳಿ. ರೋಜಿನ್ ತಿಕ್ಕಿ ನನ್ನ ಪರೀಕ್ಷೆಯ ವಾಯಲಿನ್ ಮೇಲೆ ಎಳೆದರೆ ಎರಡು ಕಮಾನು ಒಪ್ಪುವಂತೆ ನುಡಿದವು. ಉಳಿದ ನಾಲ್ಕು ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಜಾರಿದವು, ಹಲ್ಲಿಲ್ಲದವರು ಸೇಂಗಾ ತಿಂದಂತೆ. ಇನ್ನೊಮ್ಮೆ ತೊಳೆದೆ. ಅವಸರದಲ್ಲಿ ಒಂದರ ಕೋಲಿಗೆ ಸ್ಪಿರಿಟ್ ಹನಿ ಬಿದ್ದು ಬೆರಳಗಲ ವಾರ್ನಿಷ್ ಎದ್ದುಬಂತು. ಆ ಕಲೆ ಈಗಲೂ ಇದೆ, ಅದು ನನ್ನದು. ಮೂರನೆಯ ದಿನ ಕಾರಣ ತಿಳಿಯಿತು: ಕೂದಲಿನ ಎರಡೂ ತುದಿಯನ್ನು ಸಣ್ಣ ಕುಳಿಯೊಳಗೆ ಇಟ್ಟು ಮರದ ಬೆಣೆ ಹೊಡೆದಿರುತ್ತಾರೆ. ಎಣ್ಣೆ ಆ ಬೆಣೆಯ ತನಕ ಇಳಿದಿತ್ತು. ಸಂಜೆ ಎಷ್ಟು ತೊಳೆದರೂ ಬೆಳಿಗ್ಗೆ ಮತ್ತೆ ಒಸರುತ್ತಿತ್ತು. ಕೂದಲು ಕಿತ್ತು ಹೊಸದು ಕಟ್ಟುವುದೊಂದೇ ದಾರಿ.

ಕುದುರೆಕೂದಲು ಗೋಕಾಕದಲ್ಲಿ ಸಿಗುವ ಮಾಲಲ್ಲ. ಮಿರಜಿನ ಪರಿಚಯದ ವ್ಯಾಪಾರಿಗೆ ಫೋನ್ ಮಾಡಿದೆ. ಕೊಬ್ಬರಿ ಎಣ್ಣೆಯ ಕತೆ ಕೇಳಿ ಅವರು ತಮ್ಮ ಅಂಗಡಿಯಲ್ಲಿದ್ದವರಿಗೆಲ್ಲ ಮರಾಠಿಯಲ್ಲಿ ಹೇಳಿ, ಎಲ್ಲರೂ ನಕ್ಕು ಮುಗಿಯುವ ತನಕ ನಾನು ಫೋನ್ ಹಿಡಿದು ಕುಳಿತಿದ್ದೆ. ಬಿಳಿ ಕೂದಲು ಮೂರು ಕಮಾನಿಗಾಗುವಷ್ಟೇ ಇದೆ, ಮುಂದಿನ ಮಾಲು ಬರಲು ತಿಂಗಳು ಬೇಕು ಅಂದರು. ಮೂರು ಕಮಾನಿನದು ಕಳಿಸಿದರು.

ಅದು ಬಂದು ಮುಟ್ಟಿದ ಬೆಳಿಗ್ಗೆಯೇ, ನಾನು ವರದಿಯ ಕರಡು ಬರೆದು ಮುಗಿಸಿದ್ದೆ. 'ಶಾಲೆಯ ನಿರ್ಲಕ್ಷ್ಯದಿಂದ' ಎಂಬ ಪದ ಎರಡು ಸಲ ಬಂದಿತ್ತು. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಮೂಡಲಗಿಯ ಮಾಸ್ತರರು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಜಗಳಕ್ಕೆ ಬಂದರು ಅಂದುಕೊಂಡೆ. ಜಗಳಕ್ಕೆ ನಾನೂ ತಯಾರಿದ್ದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಹೆಡ್ಮಾಸ್ತರರಿಗೆ ಸಂಸ್ಥೆಯಿಂದ ಕಾರಣ ಕೇಳಿ ಪತ್ರ ಬಂದಿತ್ತಂತೆ.

"ನಾ ವಾದ ಮಾಡಾಕ ಬಂದಿಲ್ರಿ," ಅಂದರು. "ಎಲ್ಲೆ ತಪ್ಪೇನಿ ಅಷ್ಟ ಹೇಳ್ರಿ, ತಿದ್ದಿಕೋತೇನಿ. ನೀವ ಫೋನಿನ್ಯಾಗ ಹೇಳಿದ್ದನ್ನೆಲ್ಲಾ ಬರಕೊಂಡೇನಿ."

ಪುಟ ತೆಗೆದು ನನ್ನ ಮುಂದೆ ಇಟ್ಟರು. ಆಟದ ಅಂಕಗಳನ್ನು ಬರೆಯುವಂಥ ದುಂಡಗಿನ ಅಕ್ಷರ. ಒಂದು: ಕಮಾನಿನ ಕೂದಲಿಗೆ ರೋಜಿನಾ ಹಚ್ಚಬೇಕು. ಎರಡು: ಮೊದಲ ದಿನ ಜಾಸ್ತಿ, ಆಮೇಲೆ ಸ್ವಲ್ಪ ಸ್ವಲ್ಪ. ಮೂರು: ಹಚ್ಚಿದ ಮೇಲೆ ಕೂದಲು ಮುಟ್ಟಬಾರದು. ನಾಲ್ಕು: ಮುಗಿದ ಮೇಲೆ ಸಡಿಲು ಮಾಡಿ ಇಡಬೇಕು. ಐದು: ಹಚ್ಚದಿದ್ದರೆ ದನಿ ಬರುವುದಿಲ್ಲ.

ಓದಿದೆ. ಇನ್ನೊಮ್ಮೆ ಓದಿದೆ.

ನಮ್ಮ ಕಡೆ ದಿನಾಲೂ ಅನ್ನುವುದಕ್ಕೆ ರೋಜ, ರೋಜಿನಾ ಅನ್ನುತ್ತಾರೆ. ಹಾಲಿನವ ರೋಜಿನಾ ಬರುತ್ತಾನೆ, ನಳದ ನೀರು ರೋಜಿನಾ ಬರುವುದಿಲ್ಲ. ಜೀವಮಾನದಲ್ಲಿ ರೋಜಿನ್ ಕಾಣದ ಮನುಷ್ಯನಿಗೆ, ಬಸ್ಸಿನ ಹಾರ್ನಿನ ನಡುವೆ, ಕೂದಲಿಗೆ ರೋಜಿನ್ ಹಚ್ಚರಿ ಅಂದವಳು ನಾನು. ಅವರು ಕೂದಲಿಗೆ ರೋಜಿನಾ ಹಚ್ಚಿದರು. ನೋಟ್‌ಬುಕ್ಕಿನ ಐದು ಸಾಲಿನಲ್ಲಿ ಒಂದಕ್ಕೂ ಅವರು ತಪ್ಪಿ ನಡೆದಿರಲಿಲ್ಲ.

"ಏನ್ ಹಚ್ಚೂದು ಅಂತ ಕೇಳಲಿಲ್ಲಲ್ರಿ ಮಾಸ್ತರ," ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಕೂದಲಾ ಅಂದ್ರಿ. ಕೂದಲಿಗೆ ಏನ್ ಹಚ್ಚತಾರ ಅಂತ ಕೇಳಿದ್ರ ನೀವ ನಗತಿದ್ರಿ," ಅಂದರು. "ಆ ತುದೀ ಹುಡಗಿ ಮನೀಂದ ವಾಟಗ್ಯಾಗ ಎಣ್ಣಿ ತರತಿದ್ಲ್ರಿ ಎಲ್ಲಾರಿಗೂ. ದನಿ ಬರವಲ್ದು ಅಂದ್ರ, ಇನ್ನೂ ಸಾಲವಲ್ದು ಅಂತ ನಾನ ಹೇಳಿ ಹೆಚ್ಚು ಹಚ್ಚಿಸೇನ್ರಿ."

ನಾನು ಕಪಾಟಿನಿಂದ ಒಂದು ರೋಜಿನ್ ಬಿಲ್ಲೆ ತೆಗೆದು ಅವರ ಕೈಯಲ್ಲಿಟ್ಟೆ. ತಿರುಗಿಸಿ ನೋಡಿ, ಮೂಸಿ, ಬೆಳಕಿಗೆ ಹಿಡಿದು, "ಇದಕ್ಕ ಹೆಸರ ರೋಜಿನ್ನ?" ಅಂದರು. ಹೌದು ಅಂದೆ. ಕಪಾಟಿನಲ್ಲಿ ಎಷ್ಟು ದಿನದಿಂದ ಇತ್ತು ಎಂದು ಅವರು ಕೇಳಲಿಲ್ಲ.

ಅವರು ಹೋದ ಮೇಲೆ ಕರಡು ಹರಿದೆ. ಸುಳ್ಳು ಹೇಳುವುದಿಲ್ಲ, ಹರಿಯುವ ಮೊದಲು ಬಹಳ ಹೊತ್ತು ಕುಳಿತೆ. ಆ ಸಂಸ್ಥೆಯ ಕೆಲಸ ನನಗೆ ಬೇಕಿತ್ತು. ಮೂರು ತಾಲೂಕಿನಲ್ಲಿ ನನ್ನ ಹೆಸರು ನಡೆಯುವುದೇ ಆ ಕೆಲಸದಿಂದ ಆಗಬೇಕಿತ್ತು. ಇಂಥದನ್ನು ಬರೆದುಕೊಟ್ಟರೆ ಊರೆಲ್ಲ ಕೊಬ್ಬರಿ ಎಣ್ಣೆಯ ಅಕ್ಕ ಅನ್ನುತ್ತದೆ ಎಂಬ ಭಯವೂ ಇತ್ತು. ಆಮೇಲೆ ಸಿಟ್ಟು ಬಂತು. ಎರಡು ತಿಂಗಳಿನಿಂದ ಎಲ್ಲರ ಮೇಲೆ ಚೆಲ್ಲಿಕೊಂಡು ಬಂದದ್ದಕ್ಕೆ ಅಂತೂ ನಿಜವಾದ ವಿಳಾಸ ಸಿಕ್ಕಿತ್ತು. ಅದರಲ್ಲಿ ಅರ್ಧ ನನ್ನ ಮನೆಯದೇ ಆಗಿತ್ತು. ಹೊಸ ಹಾಳೆಯಲ್ಲಿ ಬರೆದೆ: ಕಮಾನುಗಳು ಕೆಟ್ಟದ್ದಕ್ಕೆ ಕಾರಣ ಎರಡು. ವಾದ್ಯದ ಜೊತೆ ಕೊಡಲೇಬೇಕಾದ ರೋಜಿನ್ನನ್ನು ಐಚ್ಛಿಕವೆಂದು ತೆಗೆದುಹಾಕಿದ್ದು ಒಂದು. ಕಾಣದ ವಸ್ತುವಿನ ಬಗ್ಗೆ ದುರಸ್ತಿಗಾರಳು ಫೋನಿನಲ್ಲಿ ಅರೆಬರೆ ಸೂಚನೆ ಕೊಟ್ಟದ್ದು ಇನ್ನೊಂದು. ಶಾಲೆಯವರು ತಮಗೆ ಹೇಳಿದ್ದನ್ನು ಒಂದು ದಿನವೂ ತಪ್ಪಿಸದೆ ಪಾಲಿಸಿದ್ದಾರೆ.

ಫೋಟೊ ತೆಗೆದು ಕಳಿಸಿದ ಹತ್ತು ನಿಮಿಷಕ್ಕೆ ಸಂಯೋಜಕರ ಫೋನ್ ಬಂತು. ಮೊದಲು ಬಹಳ ಮೃದುವಾಗಿ, ಪದಗಳನ್ನು ಸ್ವಲ್ಪ ಬದಲಿಸಬಹುದಲ್ಲ ಅಂದರು. ಆಮೇಲೆ ಅಧ್ಯಕ್ಷರ ಹೆಸರು ಬಂತು. ಆಮೇಲೆ, "ನಿಮ್ಮ ತಪ್ಪು ಅಂತ ನೀವೇ ಬರೆದರೆ, ನಿಮ್ಮನ್ನ ಮುಂದುವರಿಸೋದು ನಮಗೆ ಕಷ್ಟ ಆಗುತ್ತೆ ಮೇಡಂ," ಅಂದರು.

"ಆಗಲ್ರಿ," ಅಂದೆ. "ಆ ಹುಡುಗೂರ ವಾಯಲಿನ್ ಮುಟ್ಟಿದ್ರ ಆ ಪುಟಾನ ಹಿಂಗ ಅಧ್ಯಕ್ಷರ ಕೈಯಾಗ ಕೊಡತೇನಿ, ಸಭಾದಾಗ."

ಫೋನ್ ಇಟ್ಟೆ. ಇಂಥ ಮಾತು ಆಡಿ ಅಭ್ಯಾಸವಿಲ್ಲ. ಆಡಿದ ಮೇಲೆ ಇಡೀ ಮಧ್ಯಾಹ್ನ, ಅವರು ಪೊಲೀಸರಿಗೆ ಹೇಳಬಹುದೆ ಎಂದೂ ಯೋಚಿಸಿದೆ. ಏನೆಂದು ಹೇಳುತ್ತಾರೆ ಎಂಬುದು ಮಾತ್ರ ಹೊಳೆಯಲಿಲ್ಲ.

ಉಳಿದ ಎರಡು ಶಾಲೆಗಳಲ್ಲೂ ಏನಾದರೂ ಎಡವಟ್ಟಾಗಿರಬಹುದೆಂದು ಆ ದಿನವೇ ಹತ್ತರಗಿಗೆ ಫೋನ್ ಮಾಡಿದೆ. ರೋಜಿನ್ ಎಂಬ ಪದವನ್ನೇ ಬಿಟ್ಟು ಅಚ್ಚಗನ್ನಡದಲ್ಲಿ, ರಾಳ ಹಚ್ಚಾಕತ್ತೀರಿಲ್ಲೋ ಅಂತ ಕೇಳಿದೆ. ಬಾಯಿಯವರು, "ಯಾವ ದೇವರ ಮುಂದ್ರಿ?" ಅಂದರು. ರಾಳವನ್ನು ಕೆಂಡಕ್ಕೆ ಹಾಕಿ ಹೊಗೆ ಎಬ್ಬಿಸುವುದುಂಟು. ದೀಪ ಹಚ್ಚುವುದೂ ಹಚ್ಚುವುದೇ. ಮರದ ಕಮಾನಿಗೆ ಇನ್ನೊಂದು ಶಾಲೆಯಲ್ಲಿ ಬೆಂಕಿ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಅಂದಿನಿಂದ ನಾನು ಹಚ್ಚುವುದನ್ನು ಬಿಟ್ಟು ತಿಕ್ಕುವುದು ಅನ್ನುತ್ತೇನೆ. ತಿಕ್ಕುವುದಕ್ಕೆ ಇಲ್ಲಿಯವರೆಗೆ ಎರಡನೆಯ ಅರ್ಥ ಸಿಕ್ಕಿಲ್ಲ.

ಆಮೇಲಿನ ನಾಲ್ಕು ದಿನ ಬರೀ ಕೂದಲು. ಬೆಂಕಿಕಡ್ಡಿಯ ದಪ್ಪಕ್ಕೆ ಕೂದಲಿನ ಹಿಡಿ ಅಳೆಯಬೇಕು. ತುದಿಗೆ ರೇಷ್ಮೆ ದಾರದಿಂದ ಬಿಗಿದು, ರೋಜಿನ್ ಪುಡಿ ಉದುರಿಸಿ, ದೀಪಕ್ಕೆ ಹಿಡಿದು ಗಂಟನ್ನು ಬೆಸೆಯಬೇಕು. ಗಂಟನ್ನು ಕಮಾನಿನ ಮೂತಿಯ ಕುಳಿಯೊಳಗೆ ಕೂಡ್ರಿಸಿ ಬೆಣೆ ಹೊಡೆಯಬೇಕು. ಒದ್ದೆ ಮಾಡಿ ಬಾಚಿ, ಒಂದು ಎಳೆಯ ಮೇಲೆ ಒಂದು ಏರದಂತೆ ಇನ್ನೊಂದು ತುದಿಯನ್ನೂ ಕಟ್ಟಬೇಕು. ಹಳೆಯ ಬೆಣೆಗಳೆಲ್ಲ ಎಣ್ಣೆ ಕುಡಿದಿದ್ದವು, ಬಿಸಾಕಿದೆ. ಹೊಸದಕ್ಕೆ ಮೆತ್ತಗಿನ, ಒಡೆಯದ ಮರ ಬೇಕು. ಅದಕ್ಕೆ ನಮ್ಮೂರಲ್ಲಿ ಬರವಿಲ್ಲ. ಮರದ ಆಟಿಗೆ, ಗೊಂಬೆ ಮಾಡುವ ಹಿರಿಯರೊಬ್ಬರ ಮನೆಗೆ ಹೋಗಿ, ಮಾವಿನಕಾಯಿಯ ಆಕಾರ ಕೆತ್ತಿ ಉಳಿದ ಚೂರುಗಳನ್ನು ತಂದೆ. ಇಷ್ಟ ಸಣ್ಣದರಾಗ ಏನ್ ಮಾಡ್ತಿ ಯವ್ವಾ, ಇರಿವಿಗೆ ತೊಟ್ಟಿಲೇನು ಅಂತ ಅವರು ಕೇಳಿದರು.

ಮೊದಲ ಕಮಾನು ಕೆಟ್ಟಿತು. ಒಂದು ಬದಿಯ ಕೂದಲು ಸಡಿಲಾಗಿ ಉಳಿದು, ಬಿಗಿ ಮಾಡಿದರೆ ಕೋಲು ಪಕ್ಕಕ್ಕೆ ಸೊಟ್ಟಗಾಗುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಿದೆ. ಎರಡನೆಯದು, ಮೂರನೆಯದು ಸರಿಹೋದವು. ತೊಳೆದು ಬದುಕಿದ ಎರಡು, ಹೊಸ ಕೂದಲಿನ ಮೂರು, ಒಟ್ಟು ಐದಾದವು. ಉಳಿದ ಆರನೆಯದು ಕೆಂಪು ರಿಬ್ಬನ್ನಿನ ಹುಡುಗಿಯದು. ಒಂದು ದಿನವೂ ತಪ್ಪಿಸದ್ದರಿಂದ ಅದರ ಬೆಣೆಯನ್ನು ಹಿಂಡಿದರೆ ಎಣ್ಣೆ ಬರುತ್ತಿತ್ತು.

ಕೂದಲು ಮುಗಿದಿತ್ತು. ಪ್ರದರ್ಶನಕ್ಕೆ ಮೂರು ದಿನ. ಹನ್ನೆರಡು ಸಾಕು ಅಂದವರಿಗೆ ಹದಿನೇಳು ಜಾಸ್ತಿಯೇ ಅನ್ನಿಸುತ್ತಿತ್ತು. ಒಬ್ಬಳು ಬೆರಳಿನಿಂದ ಮೀಟಿದರಾಯಿತು ಎಂದು ನನಗೂ ಒಮ್ಮೆ ಅನ್ನಿಸಿತು. ಆದರೆ ಹೇಳಿದ್ದನ್ನು ಅಷ್ಟಾಗಿ ಕೇಳದವರ ಕಮಾನು ಉಳಿದು, ಕೇಳಿದವಳದು ಮಾತ್ರ ಸಾಯುವುದು ಯಾವ ನ್ಯಾಯ? ಆ ಯೋಚನೆಗೆ ಮತ್ತೆ ಮೈ ಉರಿಯಿತು. ಎದುರಿನ ಮೊಳೆಗೆ ನನ್ನದೇ ಕಮಾನು ತೂಗುತ್ತಿತ್ತು. ಅಂಗಡಿಗೆ ಬರುವ ಪ್ರತಿ ವಾಯಲಿನ್ನಿನ ದನಿಯನ್ನು ನಾನು ಅಳೆಯುವುದು ಅದರಿಂದ. ಅದರ ಹೊರತು ಬೇರೆ ಕಮಾನಿನ ಮೇಲೆ ನನಗೆ ನಂಬಿಕೆ ಇಲ್ಲ. ಅದು ದೊಡ್ಡವರ ಅಳತೆಯದು, ಹುಡುಗಿಯದು ಮುಕ್ಕಾಲು ಅಳತೆ. ಉದ್ದದ್ದನ್ನು ಗಿಡ್ಡ ಮಾಡಬಹುದು. ತಿರುಪು ಬಿಚ್ಚಿದೆ, ಬೆಣೆ ಕಿತ್ತೆ, ಕೂದಲನ್ನು ಇಡಿಯಾಗಿ ಹೊರತೆಗೆದು, ಸವೆದ ತುದಿಯ ನಾಲ್ಕು ಬೆರಳು ಕತ್ತರಿಸಿ ಅವಳದಕ್ಕೆ ಕಟ್ಟಿದೆ.

ಮರುದಿನ ಆರೂ ಕಮಾನು, ಆರು ಬಿಲ್ಲೆ ರೋಜಿನ್ ತೆಗೆದುಕೊಂಡು ಮೂಡಲಗಿಗೆ ಹೋದೆ. ಬೈದದ್ದು ಪಡಸಾಲೆಯಲ್ಲಿ, ಆರು ಮಕ್ಕಳ ಮುಂದೆ. ಆದ್ದರಿಂದ ಅಲ್ಲೇ, ಅವರ ಮುಂದೆಯೇ ಹೇಳಿದೆ: ನಿಮ್ಮ ಸರ್ ತಪ್ಪು ಮಾಡಿಲ್ಲ, ತಪ್ಪು ಹೇಳಿಕೊಟ್ಟವಳು ನಾನು. ಮಾಸ್ತರರು ನೆಲ ನೋಡಿದರು. ಆಮೇಲೆ, "ಆತ್ ಬಿಡ್ರಿ ಅಕ್ಕಾರ. ಕೂದಲಾ ಚಲೋ ಬೆಳದಿದ್ವು," ಅಂದರು. ಮಕ್ಕಳು ನಕ್ಕರು, ನಾನೂ ಆ ಹನ್ನೆರಡು ದಿನದಲ್ಲಿ ಮೊದಲ ಸಲ ನಕ್ಕೆ.

ತಂತಿಗೆ ಹತ್ತಿದ ಎಣ್ಣೆಯನ್ನು ಒರೆಸಿ, ಒಬ್ಬೊಬ್ಬರ ಕೈ ಹಿಡಿದು ತಿಕ್ಕುವುದನ್ನು ತೋರಿಸಿದೆ. ಬುಡದಿಂದ ತುದಿಯವರೆಗೆ, ನಿಧಾನಕ್ಕೆ, ಬಿಳಿ ಪುಡಿ ಏಳುವ ತನಕ. ಯಾವ ಪದವನ್ನೂ ಬಳಸದೆ, ಹೀಗೆ ಎಂದಷ್ಟೇ ಹೇಳಿದೆ. ಕೆಂಪು ರಿಬ್ಬನ್ನಿನ ಹುಡುಗಿ ಕಮಾನನ್ನು ತಂತಿಯ ಮೇಲೆ ಇಟ್ಟು ಎಳೆದಳು. ಶಾಲೆಗೆ ಬಂದಾಗಿನಿಂದ ಆ ವಾಯಲಿನ್ ಮೊದಲ ಸಲ ಬಾಯಿ ಬಿಟ್ಟಿತು. ಬಾಗಿಲ ಕೀಲು ಕಿರುಗುಟ್ಟಿದಂಥ ದನಿ. ಅವಳು ಬೆಚ್ಚಿ ಕಮಾನು ಎತ್ತಿಬಿಟ್ಟು ನನ್ನ ಮುಖ ನೋಡಿದಳು, ಇದೂ ತಪ್ಪೇನೋ ಎನ್ನುವ ಹಾಗೆ. ಇನ್ನೊಮ್ಮೆ ಎಳಿ ಅಂದೆ.

ಸಭಾಂಗಣದಲ್ಲಿ ಹದಿನೆಂಟು ಮಕ್ಕಳು ಕುಳಿತರು. ಜ್ವರದಿಂದ ಎದ್ದಿದ್ದ ಕಲಿಸುವ ಹಿರಿಯರು ಮೂಡಲಗಿಯವರಿಗಾಗಿ ಹಾಡನ್ನು ಸರಳ ಮಾಡಿದ್ದರು. ಅವರಿಗೆ ಕೊಟ್ಟದ್ದು ಎರಡೇ ಸ್ವರ, ಉದ್ದ ಉದ್ದ ಎಳೆಯುವುದು. ಅಧ್ಯಕ್ಷರು ಯಾರು ಮೂಡಲಗಿಯವರು, ಯಾರು ಹತ್ತರಗಿಯವರು ಎಂದು ಕೇಳಲೂ ಇಲ್ಲ. ಫೋಟೊಕ್ಕೆ ಹದಿನೆಂಟೂ ಮಕ್ಕಳನ್ನು ನಿಲ್ಲಿಸಿಕೊಂಡರು. ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ಅದರಲ್ಲಿರುವ ಮಕ್ಕಳ ಕೈಯಿಂದ ವಾಯಲಿನ್ ಕಸಿದುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ನನ್ನ ವರದಿ ಯಾವ ಕಡತದಲ್ಲಿ ಇದೆಯೋ ಗೊತ್ತಿಲ್ಲ. ಮೂಡಲಗಿಯ ಆರು ವಾಯಲಿನ್ ಮೂಡಲಗಿಯಲ್ಲೇ ಇವೆ.

ಎರಡು ವಾರದ ಮೇಲೆ ಸಂಯೋಜಕರು ಅಂಗಡಿಗೆ ಬಂದರು. ದುರಸ್ತಿಯ ಕೆಲಸವನ್ನು ಬೇರೆ ಊರಿನವರಿಗೆ ಒಪ್ಪಿಸಲಾಗಿದೆ ಎಂಬ ಪತ್ರವನ್ನು ಅಂಚೆಯಲ್ಲಿ ಕಳಿಸದೆ ಕೈಯಲ್ಲೇ ತಂದು ಕೊಟ್ಟರು. ಆ ಮಟ್ಟಿಗೆ ಮನುಷ್ಯ ಕೆಟ್ಟವರಲ್ಲ. ಹೊಸ ಪಟ್ಟಿಯನ್ನೂ ತೋರಿಸಿದರು. ರೋಜಿನ್ ಇನ್ನೂ ಬಲಗಡೆಯೇ ಇತ್ತು. ನನಗೆ ಮತ್ತೆ ಕಣ್ಣು ಕತ್ತಲೆ ಬಂತು, ಆದರೂ ಎದುರಿನಂಗಡಿಯಿಂದ ಚಹಾ ತರಿಸಿದೆ. ಅವರು ಚಹಾ ಕುಡಿಯುತ್ತ ಸುತ್ತ ನೋಡಿದರು. ಮೊಳೆಗೆ ನನ್ನ ಕಮಾನು ಬರೀ ಕೋಲಾಗಿ ತೂಗುತ್ತಿತ್ತು. ಮಿರಜಿನ ಮಾಲು ಇನ್ನೂ ಬಂದಿರಲಿಲ್ಲ.

"ಇದಕ್ಕೆ ಕೂದಲೇ ಇಲ್ವಲ್ಲ ಮೇಡಂ," ಅಂದರು.

"ಅದ ಐಚ್ಛಿಕ್ರಿ," ಅಂದೆ.